ಗುರುದತ್ತರ ನೆಳಲು-ಬೆಳಕು

ಕಲಾವಿದರ ಜೀವನವನ್ನು ಕುರಿತು ಬರೆಯುವವರಿಗೆ ಒಂದು ಚಪಲವುಂಟು. ಕೃತಿಯಲ್ಲಿ ಎಲ್ಲಿ ದುಃಖ ಕಂಡರೂ ಅದರ ಬೇರನ್ನು ಕರ್ತೃವಿನ ಬಾಳಿನಲ್ಲೇ ಅಗೆದು ತೆಗೆಯಬೇಕೆಂಬ ಚಪಲ ಅದು. ಚಲನಚಿತ್ರ ನಿರ್ದೇಶಕ ಗುರುದತ್ತರ ವಿಷಯದಲ್ಲಂತೂ ಇದು ಮಿತಿಮೀರಿದೆ. ಅವರು ೩೯ನೆಯ ವಯಸ್ಸಿನಲ್ಲೇ ತೀರಿಕೊಂಡರು. ಅವರ ಚಿತ್ರಗಳಲ್ಲಿ ಕತ್ತಲೆ ದಟ್ಟವಾಗಿದೆ. ಆದುದರಿಂದ ಆ ಕತ್ತಲೆ ಅವರ ಎದೆಯಿಂದಲೇ ಹರಿದು ಪರದೆಯ ಮೇಲೆ ಬಿತ್ತು ಎಂದು ಲೆಕ್ಕ ಮುಗಿಸಿಬಿಡುತ್ತಾರೆ. ಲೆಕ್ಕ ಸುಲಭವಾದುದೇ ಸರಿ. ಆದರೆ ಉತ್ತರ ಸರಿಯಾದುದೆಂದು ನನಗೆ ತೋರುವುದಿಲ್ಲ. ಆ ಕತ್ತಲೆ ಕಲಿತು ಬಂದದ್ದು, ಅಳತೆಯಿಟ್ಟು ಕಟ್ಟಿದ್ದು, ಹಲವರು ಕೂಡಿ ದುಡಿದು ಮಾಡಿದ್ದು. ಈ ಮಾತನ್ನು ಅವರ ಬಾಳಿನ ಕಥೆಯಿಂದಲೇ ತೋರಿಸಲು ಯಥಾಶಕ್ತಿ ಯತ್ನಿಸುತ್ತೇನೆ.

ಹಿಂದಿ ಚಿತ್ರರಂಗದಲ್ಲಿ ಹೆಸರು ಮಾಡಿದ ಗುರುದತ್ತರು ನಮ್ಮ ನಾಡಿನಲ್ಲೇ ಹುಟ್ಟಿದವರು. ೧೯೨೫ರ ಜುಲೈ ೯ರಂದು ಬೆಂಗಳೂರಿನಲ್ಲಿ ಅವರ ಜನನವಾಯಿತು. ತಂದೆ ಶಿವಶಂಕರರಾವ್ ಪಡುಕೋಣೆ, ತಾಯಿ ವಾಸಂತಿ. ಪಡುಕೋಣೆ ಎಂಬುದು ಕುಂದಾಪುರದ ಸೀಮೆಯ ಊರು, ಮನೆಮಾತು ಕೊಂಕಣಿ. ಮಗುವಿಗೆ ಮೊದಲು ಇಟ್ಟ ಹೆಸರು ವಸಂತಕುಮಾರ. ಎಳವೆಯಲ್ಲಿ ಒಂದು ಅಪಘಾತವಾದ ಮೇಲೆ, ಹೆಸರು ಬದಲಾಯಿಸಿದರೆ ಒಳಿತಾದೀತೆಂದು ಗುರುದತ್ತ ಎಂದು ಕರೆದರು. ತಂದೆಯದು ಗುಮಾಸ್ತೆಯ ಸಂಬಳ. ತಾಯಿ ಸಾಹಿತ್ಯಪ್ರೇಮಿ, ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು, ಮುಂದೆ ಮಗನ ನೆನಪುಗಳನ್ನೂ ಕನ್ನಡದಲ್ಲೇ ಬರೆದವರು. ಸಂಸಾರವು ಕಲ್ಕತ್ತೆಗೆ ಹೋಗಿ ನೆಲಸಿದ್ದರಿಂದ ಹುಡುಗನು ಬಂಗಾಳಿಯನ್ನು ಮನೆಮಾತಿನಷ್ಟೇ ಸಲೀಸಾಗಿ ಆಡುತ್ತ ಬೆಳೆದನು.

ಆ ಮನೆಯಲ್ಲಿ ಅಜ್ಜಿಯು ಸಂಜೆಯ ಹೊತ್ತು ದೇವರಿಗೆ ದೀಪ ಹಚ್ಚಿ ಆರತಿ ಮಾಡುತ್ತಿದ್ದರು. ಅಲುಗಾಡುವ ಆ ದೀಪದ ಮುಂದೆ ಹುಡುಗನು ಬೆರಳುಗಳನ್ನು ಹೆಣೆದು, ಗೋಡೆಯ ಮೇಲೆ ಬಗೆಬಗೆಯ ನೆರಳುಗಳನ್ನು ಆಡಿಸುತ್ತಿದ್ದನು. ಮನೆಯವರು ಈ ನೆನಪನ್ನು ಉಳಿಸಿಕೊಟ್ಟಿದ್ದಾರೆ. ಇದರಲ್ಲಿ ದುಃಖವೆಲ್ಲಿದೆ? ಮಕ್ಕಳಾಟವಿದೆ, ಜೊತೆಗೆ ಬೆಳಕಿನ ಮೊದಲ ಪಾಠವೂ ಇದೆ. ಕೈ ದೀಪದ ಬಳಿ ಸರಿದಷ್ಟೂ ಗೋಡೆಯ ನೆರಳು ಹಿಗ್ಗಿ ಮಸುಕಾಗುತ್ತದೆ; ಗೋಡೆಯ ಬಳಿ ಬಂದಷ್ಟೂ ಕುಗ್ಗಿ ಗಟ್ಟಿಯಾಗುತ್ತದೆ. ಈ ಸಣ್ಣ ಸತ್ಯವನ್ನು ಕೈಯಿಂದಲೇ ಕಲಿತವನಿಗೆ ಮುಂದೆ ಸ್ಟುಡಿಯೋದ ದೀಪಗಳು ಅಪರಿಚಿತವಾಗಿ ಕಾಣಲಿಲ್ಲ.

ಮೆಟ್ರಿಕ್ ಮುಗಿದ ಮೇಲೆ ಅವರಿಗೆ ಕಾಲೇಜು ಸೇರುವ ಭಾಗ್ಯವಿರಲಿಲ್ಲ; ಮನೆಯಲ್ಲಿ ಅದಕ್ಕೆ ಹಣವಿರಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದುದರಿಂದ ಜೀವನಚರಿತ್ರೆಯ ಈ ಒಂದು ಸಾಲನ್ನು ಸುಮ್ಮನೆ ದಾಟಿ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಕಾಲೇಜು ತಪ್ಪಿತೆಂದು ಗುರುದತ್ತರು ವಿದ್ಯೆಯನ್ನು ತಪ್ಪಿಸಿಕೊಳ್ಳಲಿಲ್ಲ. ಬೇರೊಂದು ಬಾಗಿಲಿನಿಂದ ಒಳಹೊಕ್ಕರು. ಚಿತ್ರಕಾರರಾಗಿದ್ದ ಬಂಧು ಬಿ. ಬಿ. ಬೆನಗಲ್ ಅವರ ನೆರವಿನಿಂದ ೧೯೪೨ರಲ್ಲಿ ಆಲ್ಮೋರಕ್ಕೆ ಹೋಗಿ ಉದಯಶಂಕರರ ಸಂಸ್ಕೃತಿ ಕೇಂದ್ರವನ್ನು ಸೇರಿದರು. ಅಲ್ಲಿ ನೃತ್ಯ, ಸಂಗೀತ, ರಂಗಸಜ್ಜಿಕೆಗಳೆಲ್ಲ ಒಂದೇ ಚಪ್ಪರದಡಿ ನಡೆಯುತ್ತಿದ್ದವು. ಉದಯಶಂಕರರು ಅಲ್ಲಿ ರಾಮಲೀಲೆಯನ್ನೇ ನೆರಳಾಟವಾಗಿ ಆಡಿಸಿದ್ದರು: ಪರದೆಯ ಹಿಂದೆ ದೀಪ, ನಡುವೆ ನರ್ತಕರು, ಮುಂದೆ ಪ್ರೇಕ್ಷಕರು. ನಮ್ಮ ಸೀಮೆಯ ತೊಗಲುಗೊಂಬೆಯಾಟವನ್ನು ಬಲ್ಲವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೊಂಬೆಗೆ ಜೀವ ಬರುವುದು ದೀಪ ಅದರ ಬೆನ್ನಿಗೆ ಬಿದ್ದಾಗ.

ಹಣದ ಮುಗ್ಗಟ್ಟಿನಿಂದ ೧೯೪೪ರಲ್ಲಿ ಆ ಕೇಂದ್ರ ಮುಚ್ಚಿತು. ಗುರುದತ್ತರು ಕಲ್ಕತ್ತೆಗೆ ಮರಳಿ ಒಂದು ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಆದರು. ಆ ಕೆಲಸ ಒಗ್ಗದೆ ಬೇಗನೆ ಬಿಟ್ಟರು. ಅದೇ ವರ್ಷ ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಯಲ್ಲಿ ಮೂರು ವರ್ಷದ ಕರಾರಿನ ಮೇಲೆ ಕೆಲಸ ದೊರೆಯಿತು. ನೃತ್ಯ ಹೇಳಿಕೊಡುವುದು, ಸಣ್ಣ ಪಾತ್ರ ಮಾಡುವುದು, ನಿರ್ದೇಶಕರಿಗೆ ಸಹಾಯಕನಾಗುವುದು, ಎಲ್ಲವೂ ಅವರ ಪಾಲಿಗೆ ಬಂದವು. ದೇವಾನಂದರ ಸ್ನೇಹವೂ ಅಲ್ಲಿಯೇ ಬೆಳೆಯಿತು. ಕರಾರು ಮುಗಿದ ಮೇಲೆ ಕೆಲವು ತಿಂಗಳು ಕೆಲಸವಿಲ್ಲದೆ ಮುಂಬಯಿಯಲ್ಲಿ ಕುಳಿತರು. ಬಳಿಕ ಅಮಿಯ ಚಕ್ರವರ್ತಿ ಮತ್ತು ಜ್ಞಾನ ಮುಖರ್ಜಿಯವರ ಕೈಕೆಳಗೆ ದುಡಿದರು. ಜ್ಞಾನ ಮುಖರ್ಜಿಯವರು ೧೯೪೩ರಲ್ಲಿ ‘ಕಿಸ್ಮತ್’ ಚಿತ್ರದಲ್ಲಿ ಜೇಬುಗಳ್ಳನನ್ನು ನಾಯಕನನ್ನಾಗಿ ಮಾಡಿ ಗೆದ್ದವರು. ಅಪರಾಧದ ಕಥೆಯನ್ನು ಜನ ಒಪ್ಪುವಂತೆ ಹೇಳುವ ಹದವನ್ನು ಗುರುದತ್ತರು ಇವರ ಬಳಿ ಕಲಿತರೆನ್ನಬೇಕು.

ಅವರು ಮುಂಬಯಿಯಲ್ಲಿ ದಾರಿ ಹುಡುಕುತ್ತಿದ್ದ ಕಾಲಕ್ಕೆ ಜಗತ್ತಿನ ಸಿನಿಮಾದಲ್ಲಿ ಒಂದು ಹೊಸ ರೀತಿ ನೆಲೆಯೂರಿತ್ತು. ಅದನ್ನು ತಿಳಿಯದೆ ಮುಂದಿನ ಕಥೆ ಅರ್ಥವಾಗದು. ಯುದ್ಧಕಾಲದಲ್ಲಿ ಫ್ರಾನ್ಸಿನ ಜನರಿಗೆ ಅಮೆರಿಕದ ಚಿತ್ರಗಳು ನೋಡಸಿಗಲಿಲ್ಲ. ಯುದ್ಧ ಮುಗಿದ ಮೇಲೆ ಅವೆಲ್ಲ ಒಟ್ಟಿಗೆ ಬಂದಾಗ, ಅಲ್ಲಿನ ವಿಮರ್ಶಕರಿಗೆ ಅವುಗಳಲ್ಲಿ ಕೆಲವು ವಿಚಿತ್ರವಾಗಿ ಕಪ್ಪಾಗಿ ತೋರಿದವು. ೧೯೪೬ರಲ್ಲಿ ನಿನೊ ಫ್ರಾಂಕ್ ಎಂಬ ವಿಮರ್ಶಕರು ಅವುಗಳನ್ನು ‘ಫಿಲ್ಮ್ ನ್ವಾರ್’ ಎಂದು ಕರೆದರು. ಕಪ್ಪು ಚಿತ್ರ ಎಂದು ಅದರರ್ಥ. ಕೊಲೆ, ಜೂಜು, ಮೋಸ, ನಗರದ ರಾತ್ರಿ, ಇವು ಅದರ ವಸ್ತು. ಆದರೆ ವಸ್ತುವಿಗಿಂತ ಬೆಳಕೇ ಅದರ ಗುರುತು. ಈ ಬೆಳಕಿನ ತವರು ಜರ್ಮನಿ. ೧೯೨೦ರಲ್ಲಿ ಬಂದ ‘ಡಾಕ್ಟರ್ ಕ್ಯಾಲಿಗರಿ’ಯ ಚಿತ್ರದಲ್ಲಿ ನೆರಳುಗಳನ್ನು ರಂಗಸಜ್ಜಿಕೆಯ ಮೇಲೆ ಬಣ್ಣದಿಂದಲೇ ಬರೆದಿದ್ದರು. ಹಿಟ್ಲರನ ಆಳ್ವಿಕೆ ಬಂದಾಗ ಫ್ರಿಟ್ಸ್ ಲಾಂಗ್, ಬಿಲ್ಲಿ ವೈಲ್ಡರ್ ಮೊದಲಾದವರು ದೇಶ ಬಿಟ್ಟು ಕಡೆಗೆ ಅಮೆರಿಕವನ್ನು ಸೇರಿದರು. ಅವರ ಜೊತೆಯಲ್ಲಿ ಆ ನೆರಳುಗಳೂ ಕಡಲು ದಾಟಿದವು.

ಆ ಬೆಳಕಿನ ಕ್ರಮವನ್ನು ಸರಳವಾಗಿ ಹೀಗೆ ಹೇಳಬಹುದು. ಸ್ಟುಡಿಯೋದಲ್ಲಿ ಒಂದು ಮುಖವನ್ನು ಬೆಳಗಲು ಸಾಮಾನ್ಯವಾಗಿ ಮೂರು ದೀಪಗಳಿರುತ್ತವೆ. ಕೀ ಲೈಟ್ ಮುಖ್ಯವಾದುದು. ಅದು ಮುಖದ ರೂಪವನ್ನು ಕೊಡುತ್ತದೆ. ಫಿಲ್ ಲೈಟ್ ಎಂಬುದು ಮೊದಲನೆಯದು ಬಿಟ್ಟ ನೆರಳನ್ನು ತಿಳಿಯಾಗಿಸುತ್ತದೆ. ಬ್ಯಾಕ್ ಲೈಟ್ ಬೆನ್ನ ಹಿಂದಿನಿಂದ ಬಿದ್ದು, ಕೂದಲು ಹೆಗಲುಗಳಿಗೆ ಅಂಚು ಕಟ್ಟಿ, ಮನುಷ್ಯನನ್ನು ಹಿನ್ನೆಲೆಯಿಂದ ಬಿಡಿಸಿ ತೋರಿಸುತ್ತದೆ. ಹಾಡು ನಗೆಗಳ ಚಿತ್ರದಲ್ಲಿ ಫಿಲ್ ಲೈಟನ್ನು ಧಾರಾಳವಾಗಿ ಕೊಡುತ್ತಾರೆ. ಮುಖದಲ್ಲಿ ಮುಚ್ಚುಮರೆ ಏನೂ ಉಳಿಯುವುದಿಲ್ಲ. ಕಪ್ಪು ಚಿತ್ರದಲ್ಲಿ ಆ ದೀಪವನ್ನು ತಗ್ಗಿಸುತ್ತಾರೆ, ಇಲ್ಲವೇ ಆರಿಸಿಯೇ ಬಿಡುತ್ತಾರೆ. ಆಗ ಅರ್ಧ ಮುಖ ಮುಳುಗುತ್ತದೆ. ದೀಪವನ್ನು ನೆಲಕ್ಕೆ ಇಳಿಸಿದರೆ ಗೋಡೆಯ ಮೇಲೆ ದೈತ್ಯಾಕಾರದ ನೆರಳು ಏಳುತ್ತದೆ. ಕಿಟಕಿಯ ಪಟ್ಟಿಗಳ ಹಿಂದೆ ದೀಪವಿಟ್ಟರೆ ನಿಂತವನ ಮೈಮೇಲೆ ಜೈಲಿನ ಸರಳುಗಳಂತೆ ಗೆರೆ ಬೀಳುತ್ತವೆ.

ಇದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಲೋಕಿಕೆರೆಯಲ್ಲಿ ರಾತ್ರಿ ಕರೆಂಟು ಹೋದಾಗ, ಒಲೆಯ ಮುಂದೆ ಕುಳಿತ ಅಜ್ಜಿಯ ಮುಖಕ್ಕೆ ಬುಡ್ಡಿದೀಪವೊಂದೇ ಗತಿ. ಒಂದು ಕೆನ್ನೆ ಬೆಳಕಾದರೆ ಇನ್ನೊಂದು ಕತ್ತಲು. ಹಿಂದಿನ ಗೋಡೆಯ ಮೇಲೆ ಆಳಿಗಿಂತ ಎರಡರಷ್ಟು ಎತ್ತರದ ನೆರಳು. ಅದೇ ಅಜ್ಜಿ, ಅದೇ ಅಡಿಗೆಮನೆ. ಆದರೂ ನೂರು ಸಲ ಕೇಳಿದ ಕಥೆಯೇ ಆಗ ಬೇರೊಂದಾಗಿ ಕೇಳಿಸುತ್ತದೆ. ಹರಿಹರಕ್ಕೆ ಹೋಗಿ, ೧೨೨೪ರ ಹೊಯ್ಸಳರ ದೇವಾಲಯವನ್ನು ಹೊಕ್ಕವರೂ ಇಂಥದನ್ನು ಕಂಡಿರುತ್ತಾರೆ. ಹೊರಗಿನ ಬಿಸಿಲಿನಿಂದ ಒಳಗೆ ಬಂದವನಿಗೆ ಮೊದಲು ಏನೂ ಕಾಣದು. ಕಣ್ಣು ಹೊಂದಿಕೊಂಡ ಮೇಲೆ ದೀಪದ ಬೆಳಕಿನಲ್ಲಿ ಒಂದೇ ಮೈಯಲ್ಲಿ ಅರ್ಧ ಹರಿ, ಅರ್ಧ ಹರನಾಗಿ ನಿಂತ ಮೂರ್ತಿ ತೋರುತ್ತದೆ. ಅಲ್ಲಿ ಎರಡು ದೇವರು ಒಂದಾಗಿದ್ದಾರೆ. ಕಪ್ಪು ಚಿತ್ರದ ಅರೆಬೆಳಕಿನಲ್ಲಿ ಒಬ್ಬನೇ ಮನುಷ್ಯ ಇಬ್ಬರಾಗುತ್ತಾನೆ.

ಹೀಗೆ ಇಬ್ಬರಾದ ಮನುಷ್ಯನ ಕಥೆಯೇ ೧೯೫೧ರಲ್ಲಿ ಬಂದ ‘ಬಾಜಿ’. ದೇವಾನಂದರ ನವಕೇತನ ಸಂಸ್ಥೆಗಾಗಿ ಗುರುದತ್ತರು ನಿರ್ದೇಶಿಸಿದ ಮೊದಲ ಚಿತ್ರ ಅದು. ಬರೆದವರು ಬಲರಾಜ ಸಾಹನಿ. ತಂಗಿಯ ಕಾಯಿಲೆಗೆ ಹಣವಿಲ್ಲದ ಒಬ್ಬ ನಿರುದ್ಯೋಗಿ ಜೂಜಿನ ಕ್ಲಬ್ಬನ್ನು ಸೇರುತ್ತಾನೆ. ಕ್ಲಬ್ಬಿನ ಯಜಮಾನನ ಮುಖ ಅವನಿಗೂ ಕಾಣದು, ನಮಗೂ ಕಾಣದು. ಆ ಯಜಮಾನ ಕತ್ತಲೆಯ ಮರೆಯಲ್ಲೇ ಇರುತ್ತಾನೆ. ಕೊನೆಗೆ ನೋಡಿದರೆ ಅವನು ನಾಯಕಿಯ ತಂದೆ, ಊರಿನಲ್ಲಿ ಮರ್ಯಾದಸ್ಥನೆನಿಸಿಕೊಂಡವನು. ಇಲ್ಲಿ ನೆರಳು ಅಲಂಕಾರವಲ್ಲ, ಕಥೆಯ ಕೀಲಿಕೈ. ಬಡವ ಬೆಳಕಿನಲ್ಲಿ ಸಿಕ್ಕಿಬೀಳುತ್ತಾನೆ. ಹಣವಂತನಿಗೆ ಕತ್ತಲೆ ಕಾವಲಾಗುತ್ತದೆ. ಆಗ ಗುರುದತ್ತರಿಗೆ ೨೬ ವರ್ಷ. ಚಿತ್ರ ಗೆದ್ದಿತು. ಅದರ ಹಾಡುಗಳನ್ನು ಹಾಡಿದ ಗೀತಾ ರಾಯ್ ಅವರ ಪರಿಚಯವೂ ಆ ದಿನಗಳಲ್ಲೇ ಆಯಿತು. ೧೯೫೩ರಲ್ಲಿ ಇಬ್ಬರೂ ಮದುವೆಯಾದರು. ಅತ್ಯಂತ ಉಲ್ಲಾಸದ ಆ ದಿನಗಳಲ್ಲೇ ಅವರ ಪರದೆಗೆ ಕತ್ತಲೆ ಬಂದಿತೆಂಬುದನ್ನು ವಾಚಕರು ಗಮನಿಸಬೇಕು.

‘ಬಾಜಿ’ಯಲ್ಲಿ ಇನ್ನೊಂದು ಮುಖ್ಯ ಘಟನೆ ನಡೆಯಿತು. ಆ ಚಿತ್ರದ ಛಾಯಾಗ್ರಾಹಕರು ವಿ. ರಾತ್ರ. ಅವರ ಸಹಾಯಕರಾಗಿ ಮೈಸೂರಿನ ಒಬ್ಬ ಯುವಕರಿದ್ದರು: ವಿ. ಕೆ. ಮೂರ್ತಿ. ೧೯೨೩ರಲ್ಲಿ ಹುಟ್ಟಿದ ಮೂರ್ತಿಯವರು ಪಿಟೀಲು ಬಲ್ಲವರು, ಸ್ವಾತಂತ್ರ್ಯದ ಚಳವಳಿಯಲ್ಲಿ ಸೆರೆಮನೆ ಕಂಡವರು. ಬೆಂಗಳೂರಿನಲ್ಲಿ ಈಗ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಎನಿಸಿಕೊಂಡಿರುವ ಸಂಸ್ಥೆಯಲ್ಲಿ ಛಾಯಾಗ್ರಹಣವನ್ನು ಓದಿ ೧೯೪೬ರಲ್ಲಿ ಡಿಪ್ಲೊಮಾ ಪಡೆದಿದ್ದರು. ‘ಬಾಜಿ’ಯ ಹಾಡೊಂದರ ಚಿತ್ರೀಕರಣದಲ್ಲಿ ಜಟಿಲವಾದ ಒಂದು ಶಾಟ್ ಬೇಕಾಯಿತು. ತಾನು ಮಾಡಿ ತೋರಿಸುವೆನೆಂದು ಮೂರ್ತಿಯವರು ಮುಂದೆ ಬಂದರು, ಮಾಡಿಯೂ ತೋರಿಸಿದರು. ತನ್ನ ಮುಂದಿನ ಚಿತ್ರಗಳಿಗೆ ಇವರೇ ಕ್ಯಾಮೆರಾ ಹಿಡಿಯತಕ್ಕದ್ದೆಂದು ಗುರುದತ್ತರು ಅಂದೇ ನಿಶ್ಚಯಿಸಿದರು. ೧೯೫೨ರ ‘ಜಾಲ್’ ಚಿತ್ರದಿಂದ ಆರಂಭವಾದ ಈ ಜೋಡಿ ಹತ್ತು ವರ್ಷಗಳಿಗೂ ಮಿಕ್ಕಿ ಬಾಳಿತು. ನಮ್ಮ ನಾಡಿನ ಒಂದು ಸರ್ಕಾರಿ ವಿದ್ಯಾಸಂಸ್ಥೆಯ ತರಗತಿಯಲ್ಲಿ ಕಲಿತ ವಿದ್ಯೆ ಹೀಗೆ ಇಡೀ ದೇಶದ ಪರದೆಗೆ ಬೆಳಕಾಯಿತು. ಸರ್ಕಾರಿ ಕಾಲೇಜಿನಲ್ಲಿ ಓದುವ ನಮಗೆ ಇದಕ್ಕಿಂತ ಹಿತವಾದ ಸುದ್ದಿ ಯಾವುದಿದೆ?

೧೯೫೪ರ ‘ಆರ್ ಪಾರ್’ನಲ್ಲಿ ಗುರುದತ್ತರೇ ಟ್ಯಾಕ್ಸಿ ಚಾಲಕನ ಪಾತ್ರ ಮಾಡಿದರು. ಗ್ಯಾರೇಜು, ಕಳ್ಳರ ಕೂಟ, ರಾತ್ರಿಯ ಬೀದಿ, ಎಲ್ಲವೂ ಅದರಲ್ಲಿವೆ, ಹಾಗೆಯೇ ಓ. ಪಿ. ನಯ್ಯರರ ಕುಣಿಸುವ ಸಂಗೀತವೂ ಹೊಟ್ಟೆ ತುಂಬ ನಗೆಯೂ ಇವೆ. ೧೯೫೬ರ ‘ಸಿ. ಐ. ಡಿ.’ಯನ್ನು ಅವರು ನಿರ್ಮಿಸಿ, ನಿರ್ದೇಶನವನ್ನು ತಮ್ಮ ಸಹಾಯಕರಾಗಿದ್ದ ರಾಜ್ ಖೋಸ್ಲಾರಿಗೆ ಬಿಟ್ಟರು. ಪತ್ರಿಕಾ ಸಂಪಾದಕನೊಬ್ಬನ ಕೊಲೆಯಿಂದ ಆರಂಭವಾಗುವ ಆ ಕಥೆಯನ್ನೂ ಬೆಳಗಿದವರು ಮೂರ್ತಿಯವರೇ. ವಹೀದಾ ರೆಹಮಾನ್ ಹಿಂದಿ ಚಿತ್ರರಂಗಕ್ಕೆ ಬಂದದ್ದು ಇದರಿಂದಲೇ. ಅಮೆರಿಕದ ಕಪ್ಪು ಚಿತ್ರದಲ್ಲಿ ನಾಯಕ ಬಹುಮಟ್ಟಿಗೆ ಹಾಳಾಗಿ ಹೋಗುತ್ತಾನೆ. ಮುಂಬಯಿಯ ಈ ಚಿತ್ರಗಳಲ್ಲಿ ನಾಯಕ ಹಾಡುತ್ತ, ತಮಾಷೆ ಮಾಡುತ್ತ, ಕೊನೆಗೆ ಬೆಳಕಿಗೆ ಬರುತ್ತಾನೆ. ಸ್ವಾತಂತ್ರ್ಯ ಬಂದು ಕೆಲವು ವರ್ಷ ಕಳೆದಿದ್ದ ಕಾಲ. ಕೆಲಸ ಹುಡುಕಿ ನಗರಕ್ಕೆ ಬಂದವರಿಗೆ ನಗರದ ಹಗಲು ಒಂದು ಮಾತು ಕೊಡುತ್ತಿತ್ತು, ರಾತ್ರಿ ಇನ್ನೊಂದು ನಡೆಸುತ್ತಿತ್ತು. ಗಿರಣಿಗಳಿಂದ ಬೆಳೆದ ದಾವಣಗೆರೆಯ ಹಿರಿಯರಿಗೆ ಈ ಮಾತು ಹೊಸದೆನಿಸದು. ಆ ಎರಡು ಮುಖಗಳನ್ನು ಹೇಳಲು ಕಪ್ಪು ಬಿಳುಪಿಗಿಂತ ತಕ್ಕ ಬಣ್ಣಗಳಿರಲಿಲ್ಲ.

೧೯೫೭ರ ‘ಪ್ಯಾಸಾ’ ಅಪರಾಧದ ಕಥೆಯಲ್ಲ, ಕವಿಯೊಬ್ಬನ ಕಥೆ. ಆದರೆ ಅಪರಾಧದ ಕಥೆಗಳಲ್ಲಿ ಪಳಗಿದ ಕೈಯೇ ಅದನ್ನು ಬೆಳಗಿತು. ಬದುಕಿದ್ದಾಗ ಯಾರಿಗೂ ಬೇಡವಾದ ಕವಿಯನ್ನು, ಸತ್ತನೆಂದು ನಂಬಿದ ಮೇಲೆ ಲೋಕ ಕೊಂಡಾಡುತ್ತದೆ. ಅವನ ಸ್ಮರಣೆಯ ಸಭೆಗೆ ಅವನೇ ಬಂದು ಬಾಗಿಲಲ್ಲಿ ಕೈ ಚಾಚಿ ನಿಲ್ಲುತ್ತಾನೆ. ಬೆಳಕೆಲ್ಲ ಬೆನ್ನ ಹಿಂದೆ, ಮುಖ ಕತ್ತಲೆ. ಶಿಲುಬೆಯ ಆಕಾರವೊಂದೇ ಸಭಿಕರಿಗೆ ಕಾಣುತ್ತದೆ. ಬ್ಯಾಕ್ ಲೈಟ್ ಎಂಬ ಒಂದು ದೀಪದಿಂದ ಎಷ್ಟು ಹೇಳಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಾನು ಕಂಡಿಲ್ಲ. ಆ ಜನ ಅವನ ಮುಖವನ್ನು ಎಂದೂ ನೋಡಿದವರಲ್ಲ, ಈಗಲೂ ನೋಡಲಾರರು. ದೀಪ ಅದನ್ನು ಮಾತಿಲ್ಲದೆ ಹೇಳುತ್ತದೆ.

ಎರಡು ವರ್ಷಗಳ ಮೇಲೆ, ೧೯೫೯ರಲ್ಲಿ, ‘ಕಾಗಜ್ ಕೆ ಫೂಲ್’ ಬಂತು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಅದು. ಅದರ ಚೌಕಟ್ಟಿನ ಅಗಲ ಎತ್ತರದ ಎರಡರಷ್ಟಕ್ಕೂ ಮಿಗಿಲು. ಅಷ್ಟು ಅಗಲವಾದ ಪರದೆಯನ್ನು ಜನಜಂಗುಳಿಯಿಂದ ತುಂಬುವುದು ಸುಲಭ. ಗುರುದತ್ತರು ಅದನ್ನು ಬರಿದಾಗಿ ಬಿಟ್ಟು, ಒಂದು ಮೂಲೆಯಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಿದರು. ಚಿತ್ರದಲ್ಲಿ ಗೀತಾ ದತ್ತರು ಹಾಡಿದ ಪ್ರಸಿದ್ಧವಾದ ಹಾಡೊಂದಿದೆ. ಖಾಲಿ ಸ್ಟುಡಿಯೋದಲ್ಲಿ ನಿರ್ದೇಶಕ ಮತ್ತು ನಟಿ ದೂರ ದೂರ ನಿಂತಿದ್ದಾರೆ. ಮೇಲಿನಿಂದ ಒಂದು ಬಿಸಿಲುಕೋಲು ಓರೆಯಾಗಿ ಇಳಿದಿದೆ. ಅದನ್ನು ಮಾಡಿದ ಬಗೆ ಹೀಗೆ. ಸ್ಟುಡಿಯೋದ ದೀಪದಿಂದ ಹೊರಟ ಕಿರಣಗಳು ಹೋಗುತ್ತ ಹೋಗುತ್ತ ಬೀಸಣಿಗೆಯಂತೆ ಹರಡುತ್ತವೆ. ಸೂರ್ಯ ಬಹಳ ದೂರದಲ್ಲಿರುವುದರಿಂದ ಅವನ ಕಿರಣಗಳು ನಮ್ಮ ಕಣ್ಣಿಗೆ ಸಮಾನಾಂತರವಾಗಿಯೇ ಬರುತ್ತವೆ. ಆದುದರಿಂದ ದೀಪದಿಂದ ಬಿಸಿಲುಕೋಲು ಹುಟ್ಟದೆಂದು ಕಂಡ ಮೂರ್ತಿಯವರು ಎರಡು ದೊಡ್ಡ ಕನ್ನಡಿಗಳನ್ನು ಹೂಡಿ ಹೊರಗಿನ ಸೂರ್ಯನನ್ನೇ ಒಳಗೆ ತಿರುಗಿಸಿದರು. ಸೂರ್ಯ ಸರಿದಂತೆ ಕನ್ನಡಿಯೂ ಸರಿಯಬೇಕು. ಮೋಡ ಬಂದರೆ ಕಾಯಬೇಕು. ಲೋಕ ಎದೆಯ ನೋವೆಂದು ಕಣ್ಣೀರಿಟ್ಟು ನೋಡುವ ಆ ದೃಶ್ಯದ ಹಿಂದೆ ರೇಖಾಗಣಿತವಿತ್ತು, ಕನ್ನಡಿ ಹಿಡಿದವರ ಬೆವರಿತ್ತು.

ಚಿತ್ರ ಸೋತಿತು. ಕೀರ್ತಿಯ ಶಿಖರದಿಂದ ಬಿದ್ದ ನಿರ್ದೇಶಕನ ಕಥೆ ಅದಾದ್ದರಿಂದ, ಸೋಲು ಕಥೆಯೊಳಗಿಂದ ಹೊರಕ್ಕೆ ಬಂತೆಂದು ಜನ ಆಡಿಕೊಂಡರು. ಆ ಬಳಿಕ ನಿರ್ದೇಶಕನೆಂದು ಗುರುದತ್ತರು ತಮ್ಮ ಹೆಸರನ್ನು ಯಾವ ಚಿತ್ರಕ್ಕೂ ಹಾಕಿಕೊಳ್ಳಲಿಲ್ಲ. ಆದರೆ ಕೆಲಸ ನಿಲ್ಲಿಸಿದರೆಂದು ತಿಳಿಯಬಾರದು. ೧೯೬೦ರಲ್ಲಿ ಅವರು ನಿರ್ಮಿಸಿದ ‘ಚೌದ್ವೀಂ ಕಾ ಚಾಂದ್’ ಭರ್ಜರಿಯಾಗಿ ಓಡಿತು. ೧೯೬೨ರಲ್ಲಿ ಅಬ್ರಾರ್ ಅಲ್ವಿಯವರ ನಿರ್ದೇಶನದಲ್ಲಿ ‘ಸಾಹಿಬ್ ಬೀಬಿ ಔರ್ ಗುಲಾಮ್’ ಬಂತು. ಬಿಮಲ ಮಿತ್ರರ ಬಂಗಾಳಿ ಕಾದಂಬರಿಯ ಆ ಹಾಳು ಜಮೀನ್ದಾರಿ ಮನೆಯಲ್ಲಿ ದೀಪಗಳು ಉರಿಯುವುದೇ ಕತ್ತಲೆಯನ್ನು ತೋರಿಸಲು. ಅದರ ಒಂದು ಮೆಹಫಿಲಿನ ನೃತ್ಯದಲ್ಲಿ ಮುಖ್ಯ ನರ್ತಕಿಯ ಮುಖಕ್ಕೆ ಮಾತ್ರ ಬೆಳಕು. ಸುತ್ತ ಕುಣಿಯುವವರೆಲ್ಲ ಹಾಡು ಮುಗಿಯುವತನಕ ನೆರಳಾಗಿಯೇ ಉಳಿಯುತ್ತಾರೆ. ಅವರೂ ಅವಳಷ್ಟೇ ದಣಿದು ಕುಣಿದವರು. ಜಮೀನ್ದಾರನ ಕಣ್ಣಿಗೆ ಮಾತ್ರ ಅವರು ಇಲ್ಲ. ಆ ಹಾಡನ್ನು ನೋಡಿದಾಗಲೆಲ್ಲ ನನ್ನ ಕಣ್ಣು ಬೆಳಕನ್ನು ಬಿಟ್ಟು ಆ ನೆರಳುಗಳ ಕಡೆಗೇ ಹೋಗುತ್ತದೆ. ‘ಕಾಗಜ್ ಕೆ ಫೂಲ್’ ಮತ್ತು ಈ ಚಿತ್ರ, ಎರಡಕ್ಕೂ ಮೂರ್ತಿಯವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು.

೧೯೬೪ರ ಅಕ್ಟೋಬರ್ ೧೦ರಂದು ಗುರುದತ್ತರು ಮುಂಬಯಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ಅವರ ಸಂಸಾರದಲ್ಲಿ ಸುಖವಿರಲಿಲ್ಲ, ನಿದ್ದೆಯಿರಲಿಲ್ಲ, ಮದ್ಯದ ಹವ್ಯಾಸವಿತ್ತು ಎಂಬುದು ನಿಜ. ಆ ಸಾವು ಆಕಸ್ಮಿಕವೋ ಅಲ್ಲವೋ ಎಂಬ ವಾದ ಅಂದಿನಿಂದ ನಡೆದೇ ಇದೆ. ನಾನು ಆ ವಾದಕ್ಕೆ ಹೋಗುವುದಿಲ್ಲ. ನನ್ನ ಕೊರಗು ಬೇರೆ. ಆ ಒಂದು ರಾತ್ರಿಯನ್ನು ಹಿಡಿದುಕೊಂಡು ಹಿಂದಿನ ಹದಿಮೂರು ವರ್ಷದ ದುಡಿಮೆಯನ್ನೆಲ್ಲ ಅಳೆಯುವುದು ಆ ದುಡಿಮೆಗೆ ಮಾಡುವ ಅನ್ಯಾಯ. ಅವರ ನೋವು ಅವರ ಚಿತ್ರಗಳಲ್ಲಿ ಇಲ್ಲವೆಂದು ನಾನು ಹೇಳುತ್ತಿಲ್ಲ. ನೋವು ಎಷ್ಟೋ ಜನರಿಗಿದೆ. ಅದನ್ನು ಹತ್ತು ಜನ ಕಾಣುವಂತೆ ಮಾಡುವ ವಿದ್ಯೆ ಕೆಲವರಿಗೆ ಮಾತ್ರ ಇದ್ದಿತು, ಮತ್ತು ಅದನ್ನು ಅವರು ಕಲಿತೇ ಪಡೆದಿದ್ದರು.

ಆ ವಿದ್ಯೆ ಗುರುದತ್ತರೊಡನೆ ಮುಗಿಯಲಿಲ್ಲ ಎಂಬುದೇ ಇದಕ್ಕೆ ಸಾಕ್ಷಿ. ಮೂರ್ತಿಯವರು ಮುಂದೆಯೂ ದುಡಿದರು. ಬೆಂಗಳೂರಿನ ಅದೇ ಪಾಲಿಟೆಕ್ನಿಕ್‌ನಲ್ಲಿ ಓದಿ ಬಂದ ಗೋವಿಂದ ನಿಹಲಾನಿಯವರು ಅವರ ಸಹಾಯಕರಾಗಿ ಪಳಗಿ, ಸ್ವತಃ ದೊಡ್ಡ ಛಾಯಾಗ್ರಾಹಕರೂ ನಿರ್ದೇಶಕರೂ ಆದರು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ೧೯೯೩ರ ಕನ್ನಡ ಚಿತ್ರ ‘ಹೂವು ಹಣ್ಣು’ವಿಗೂ ಮೂರ್ತಿಯವರು ಕ್ಯಾಮೆರಾ ಹಿಡಿದರು. ೨೦೦೮ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು; ಆ ಪ್ರಶಸ್ತಿ ಒಬ್ಬ ಛಾಯಾಗ್ರಾಹಕರಿಗೆ ಬಂದದ್ದು ಅದೇ ಮೊದಲು. ೨೦೧೪ರ ಏಪ್ರಿಲ್ ೭ರಂದು, ತಮ್ಮ ೯೦ನೆಯ ವಯಸ್ಸಿನಲ್ಲಿ, ಅವರು ಬೆಂಗಳೂರಿನಲ್ಲಿ ನಿಧನರಾದರು. ಅದೇ ಕತ್ತಲೆಯನ್ನು ಅಷ್ಟು ವರ್ಷ ಕೈಯಾರೆ ಮಾಡಿದವರು ತುಂಬು ಬಾಳನ್ನು ಬಾಳಿದರು. ಕತ್ತಲೆ ಮನುಷ್ಯನನ್ನು ನುಂಗುವ ಶಾಪವಾಗಿದ್ದರೆ ಅದು ಇವರನ್ನೂ ಬಿಡಬಾರದಿತ್ತು.

ನಮ್ಮಲ್ಲಿ ಕವಿತೆ ಬರೆಯುವ, ನಾಟಕವಾಡುವ, ಮೊಬೈಲಿನಲ್ಲೇ ಕಿರುಚಿತ್ರ ತೆಗೆಯುವ ಮಿತ್ರರು ಹಲವರಿದ್ದಾರೆ. ನೊಂದವನಿಗಲ್ಲದೆ ಕಲೆ ಒಲಿಯದು ಎಂಬ ಮಾತು ಅವರ ನಡುವೆ ಆಗಾಗ ಕೇಳಿಬರುತ್ತದೆ. ಕೆಲವರು ನೋವನ್ನು ಸಾಕಿಕೊಳ್ಳುವುದೂ ಉಂಟು. ಅವರಲ್ಲಿ ನನ್ನದೊಂದು ವಿನಂತಿ. ೨೦೨೫ರಲ್ಲಿ ಗುರುದತ್ತರ ಜನ್ಮಶತಾಬ್ದಿ ಸಂದಿತು. ನಮ್ಮ ಕಾಲೇಜಿನ ಸಂಘದ ವತಿಯಿಂದ ಒಂದು ಸಂಜೆ ‘ಬಾಜಿ’ಯನ್ನೋ ‘ಪ್ಯಾಸಾ’ವನ್ನೋ ಎಲ್ಲರೂ ಕೂಡಿ ನೋಡೋಣ. ಮೊದಲ ಸಲ ಕಥೆಗಾಗಿ ನೋಡೋಣ. ಎರಡನೆಯ ಸಲ, ಪ್ರತಿಯೊಂದು ದೃಶ್ಯದಲ್ಲಿ ದೀಪ ಎಲ್ಲಿದೆ, ಯಾರ ಮುಖಕ್ಕೆ ಬಿದ್ದಿದೆ, ಯಾರನ್ನು ಬಿಟ್ಟಿದೆ ಎಂದು ಹುಡುಕುತ್ತ ನೋಡೋಣ. ಚಿತ್ರದ ಆರಂಭದಲ್ಲಿ ಬರುವ ಹೆಸರುಗಳನ್ನು ಬಿಡದೆ ಓದೋಣ. ಅವುಗಳಲ್ಲಿ ಮೈಸೂರಿನ ಒಬ್ಬರ ಹೆಸರೂ ಇದೆ.